ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಿ

ನಿದ್ದೆಗೆಟ್ಟವರು ಸಾಮಾನ್ಯವಾಗಿ ಬೇಗ ಮಲಗಿ ತಡವಾಗಿ ಏಳಲು ನೋಡುತ್ತಾರೆ. ಹಾಸಿಗೆಯಲ್ಲಿ 9 ಗಂಟೆ, ನಿದ್ದೆ 6 ಗಂಟೆ. ಉಳಿದ ಹೊತ್ತೆಲ್ಲ ಇಎಂಐ, ಆಫೀಸು, ಮಕ್ಕಳ ಮಾರ್ಕ್ಸು. ಹೀಗೇ ನಡೆದರೆ ಹಾಸಿಗೆ ಕಂಡ ಕೂಡಲೇ ಮನಸ್ಸು ಎಚ್ಚರಗೊಳ್ಳುವ ಅಭ್ಯಾಸ ಬೇರೂರುತ್ತದೆ. ಸೋಫಾದಲ್ಲಿ ತೂಕಡಿಸಿದವರಿಗೆ ಮಂಚದಲ್ಲಿ ರೆಪ್ಪೆ ಅಂಟದಿರುವುದು ಇದಕ್ಕೇ.

ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಸೂಚಿಸಿದ ವಿಧಾನ ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿದೆ. ಕಣ್ಣು ಎಳೆಯುವಾಗ ಮಾತ್ರ ಮಲಗಿ. ಸುಮಾರು 20 ನಿಮಿಷ (ಅಂದಾಜು ಸಾಕು, ಗಡಿಯಾರ ನೋಡಬೇಡಿ) ಕಳೆದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ. ಮಂದ ಬೆಳಕಿನಲ್ಲಿ ಬಟ್ಟೆ ಮಡಚಿ, ಹಳೇ ಪತ್ರಿಕೆ ತಿರುವಿಹಾಕಿ, ಮೊಬೈಲ್ ಬೇಡ. ತೂಕಡಿಕೆ ಬಂದಾಗ ಮರಳಿ. ಒಂದೇ ಕೋಣೆಯ ಮನೆಯೇ? ಕುರ್ಚಿ ಸಾಕು. ರಾತ್ರಿ ಎಷ್ಟೇ ಸಲ ಎದ್ದಿದ್ದರೂ ಬೆಳಿಗ್ಗೆ ಏಳುವ ಸಮಯ ಮಾತ್ರ ಒಂದೇ, ಭಾನುವಾರವೂ. ಹೆಚ್ಚಿನವರು ಕೈಬಿಡುವುದು ಇಲ್ಲೇ.

ಮೊದಲ ವಾರ ಹಗಲು ಮಂಪರು ಜಾಸ್ತಿ. ಆಗ ಗಾಡಿ ಓಡಿಸುವಾಗ ಹುಷಾರು. ಮಧ್ಯಾಹ್ನ ಮಲಗಿಬಿಟ್ಟರೆ ರಾತ್ರಿಗೆ ಕೂಡಿಟ್ಟ ನಿದ್ದೆ ಖರ್ಚಾಗುತ್ತದೆ. ಇನ್ನು ಕಾಫಿ: ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ 6ರ ಫಿಲ್ಟರ್ ಕಾಫಿ 11ಕ್ಕೂ ಅರ್ಧ ಲೋಟ ಉಳಿದಿರುತ್ತದೆ.

ಬೈಪೋಲಾರ್ ಕಾಯಿಲೆ, ಮೂರ್ಛೆರೋಗ ಇದ್ದವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ನಿದ್ದೆಗೇಡು ಅವೆರಡನ್ನೂ ಕೆರಳಿಸಬಲ್ಲದು. ನಿದ್ದೆಯ ಜೊತೆ ಬದುಕಿನ ಆಸೆಯೂ ಬತ್ತಿದಂತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.