ಆಕ್ಸಿಜನ್ ಅರ್ಧಕ್ಕಿಂತ ಕಡಿಮೆ ಬಂದರೆ ಹಾಗೇ ಬರೆಯಿರಿ

ಮಡಿಕೇರಿಯಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವವನಿಗೆ ಟಾರ್ಚಿನ ಹಳೇ ಶೆಲ್ಲಿಗೆ ಬರವಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಮಕ್ಕಳಿಗೆ ಹೇಳಿದರೆ ಸಾಕು, ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಕರೆಂಟು ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಪ್ರಯೋಗಕ್ಕೆ ಶೆಲ್ಲಿನೊಳಗಿನ ಕಾರ್ಬನ್ ಕಡ್ಡಿ ಬೇಕು. ಅದರಲ್ಲಿ ಅಗ್ಗದ ಸತು-ಕಾರ್ಬನ್ ಶೆಲ್ಲುಗಳನ್ನಷ್ಟೇ ಆರಿಸುತ್ತೇನೆ. ಆಲ್ಕಲೈನ್ ಶೆಲ್ಲಿನಲ್ಲಿ ಕಾರ್ಬನ್ ಕಡ್ಡಿ ಇರುವುದಿಲ್ಲ, ಒಳಗಿನ ಕ್ಷಾರ ಕೈ ಸುಡುತ್ತದೆ. ಸತುವಿನ ತಗಡು ಬಿಚ್ಚುವುದು, ಕಪ್ಪು ಹಿಟ್ಟು ಕೆರೆಯುವುದು ನನ್ನ ಕೆಲಸ. ಕಡ್ಡಿಯನ್ನು ತೊಳೆದು ಉಪ್ಪುಕಾಗದದಲ್ಲಿ ಉಜ್ಜುವುದು ಮಕ್ಕಳ ಕೆಲಸ.

ಹಿಡಿದಿಟ್ಟ ಮಳೆನೀರಿಗೆ ಎರಡು ಕಡ್ಡಿ ಇಳಿಸಿ 6 ವೋಲ್ಟ್ ಕೊಟ್ಟರೆ ಗುಳ್ಳೆ ಏಳುವುದೇ ಕಷ್ಟ. ಅದರಲ್ಲಿ ಕರಗಿದ ಲವಣ ಅಷ್ಟು ಕಡಿಮೆ. ಒಂದು ಚಮಚ ವಾಷಿಂಗ್ ಸೋಡಾ ಕದಡಿದ ಕೂಡಲೇ ಎರಡೂ ಕಡ್ಡಿ ಬುಸುಗುಡುತ್ತವೆ. ಅಡುಗೆ ಉಪ್ಪು ಮಾತ್ರ ಬೇಡ, ಕ್ಲೋರಿನ್ ಬರುತ್ತದೆ. ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಖಂಡಿತ ಬೇಡ.

ಪುಸ್ತಕದ ಪ್ರಕಾರ ಹೈಡ್ರೋಜನ್ ಎರಡು ಪಾಲು, ಆಕ್ಸಿಜನ್ ಒಂದು ಪಾಲು. ಅನಿಲ ಹಿಡಿಯುವ ನಮ್ಮ ಪ್ರನಾಳಗಳಲ್ಲಿ ಹೈಡ್ರೋಜನ್ 17 ಮಿಲಿಲೀಟರ್ ಆದಾಗ ಆಕ್ಸಿಜನ್ 6ರ ಆಸುಪಾಸಿನಲ್ಲಿತ್ತು. ಒಬ್ಬ ಹುಡುಗಿ ರೆಕಾರ್ಡ್ ಪುಸ್ತಕದಲ್ಲಿ 8.5 ಎಂದು ಬರೆದಿದ್ದಳು. "ಅಷ್ಟು ಕಂಡಿತಾ ಮಗಳೇ?" ಅಂದೆ. "ಇಲ್ಲ ಸರ್, ಬರಬೇಕಿತ್ತಲ್ಲ, ಅದಕ್ಕೇ ಬರೆದೆ." ಅವಳನ್ನು ಬೈಯಲಿಲ್ಲ. ಅಂಕ ಸಿಗಲೆಂದು ಹೀಗೆ ಬರೆಯುವುದನ್ನು ನಾವು ದೊಡ್ಡವರೇ ಕಲಿಸಿದ್ದೇವೆ, ಅದು ನನಗೆ ನೋವು.

ನೀರನ್ನು ನೋಡು ಎಂದೆ. ಧನಾಗ್ರದ, ಅಂದರೆ + ತುದಿಗೆ ಸೇರಿಸಿದ, ಆಕ್ಸಿಜನ್ ಬರುವ ಕಡ್ಡಿಯ ಸುತ್ತ ನೀರು ಕರಿಕಾಫಿಯ ಬಣ್ಣಕ್ಕೆ ತಿರುಗಿತ್ತು, ಪಾತ್ರೆಯ ತಳದಲ್ಲಿ ಕಪ್ಪು ಪುಡಿ ಕೂತಿತ್ತು. ಹೈಡ್ರೋಜನ್ ಬರುವ ಋಣಾಗ್ರದ (− ತುದಿಯ) ಕಡ್ಡಿಗೆ ಏನೂ ಆಗಿರಲಿಲ್ಲ. ಧನಾಗ್ರದಲ್ಲಿ ಕಡ್ಡಿಯ ಕಾರ್ಬನ್ನೇ ಉತ್ಕರ್ಷಣಗೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಆ ಅನಿಲವನ್ನು ವಾಷಿಂಗ್ ಸೋಡಾದ ನೀರು ಹೀರಿಕೊಳ್ಳುತ್ತದೆ. ಕಡ್ಡಿಯಲ್ಲಿರುವ ಗ್ರಾಫೈಟಿನ (ಕಾರ್ಬನ್ನಿನ ಒಂದು ರೂಪ) ಪದರಗಳು ಸಡಿಲಗೊಂಡು ಉದುರುತ್ತವೆ. ವಿದ್ಯುತ್ತಿನ ಒಂದು ಪಾಲು ಹೀಗೆ ಕಾರ್ಬನ್ನಿಗೆ ಖರ್ಚಾಗುವುದರಿಂದ ಆಕ್ಸಿಜನ್ ಕಡಿಮೆ. ಹೈಡ್ರೋಜನ್ ತಯಾರಿಸುವ ಕಾರ್ಖಾನೆಯವರು ಕ್ಷಾರದ ನೀರಿನಲ್ಲಿ ನಿಕ್ಕಲ್ ಬಳಸುವುದು ಇದಕ್ಕೇ. ಅವಳು ಕಂಡ 6 ಸರಿಯಾದ ಅಳತೆ, 8.5 ಅಲ್ಲ.

ಹೈಡ್ರೋಜನ್ನಿನ ಲೆಕ್ಕ ಇನ್ನೂ ಸೊಗಸು. 0.2 ಆಂಪಿಯರ್ ಹತ್ತು ನಿಮಿಷ ಹರಿದರೆ 120 ಕೂಲಂಬ್ (ವಿದ್ಯುತ್ತಿನ ಪ್ರಮಾಣದ ಅಳತೆ). ಹರಿದ ವಿದ್ಯುತ್ತಿಗೆ ತಕ್ಕಷ್ಟೇ ಅನಿಲ ಬರುತ್ತದೆಂದು ವಿಜ್ಞಾನಿ ಫ್ಯಾರಡೆ 1830ರ ದಶಕದಲ್ಲಿ ಕೊಟ್ಟ ನಿಯಮದಂತೆ ಲೆಕ್ಕ ಹಾಕಿದರೆ ಮಂಗಳೂರಿನಲ್ಲಿ ಸುಮಾರು 16 ಮಿಲಿಲೀಟರ್ ಸಿಗಬೇಕು. ನಮ್ಮಲ್ಲಿ 17ರಿಂದ 18. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಅದೇ ತೂಕದ ಅನಿಲ ಇಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ. ಸಂಪಾಜೆ ಘಾಟಿ ಹತ್ತಿ ಬಂದ ಎತ್ತರವನ್ನು ಒಂದು ಪ್ರನಾಳದಲ್ಲಿ ಓದಬಹುದು ಅಂದಾಗ ಹಿಂದಿನ ಬೆಂಚಿನವರೂ ಎದ್ದು ಬಂದರು.

"ಇದರಲ್ಲೇ ಗ್ಯಾಸ್ ಒಲೆ ಉರಿಸಬಹುದಾ ಸರ್?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ದೊಡ್ಡ ಯಂತ್ರದಲ್ಲೂ ಒಂದು ಕಿಲೋ ಹೈಡ್ರೋಜನ್‌ಗೆ 50 ಯೂನಿಟ್‌ಗಿಂತ ಹೆಚ್ಚೇ ಕರೆಂಟು ಬೇಕು, ಉರಿಸಿದರೆ ವಾಪಸು ಸಿಗುವುದು 33ರಷ್ಟು. ಕರೆಂಟಿದ್ದರೆ ಕರೆಂಟಿನ ಒಲೆಯೇ ಮೇಲು.

ಮಾಡಿನೋಡುವ ಮೇಷ್ಟ್ರುಗಳಿಗೆ ಎರಡು ಮಾತು. ಗಾಳಿಯಲ್ಲಿ ಹೈಡ್ರೋಜನ್ 4ರಿಂದ 75 ಶೇಕಡ ಇದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಎರಡೂ ಅನಿಲ ಒಂದೇ ಪ್ರನಾಳಕ್ಕೆ ಸೇರದಿರಲಿ, ಹೈಡ್ರೋಜನ್ನಿಗೆ ಬೆಂಕಿ ತಾಗಿಸಿ ಕೇಳಿಸುವ 'ಪಾಪ್' ಶಬ್ದಕ್ಕೆ ಸಣ್ಣ ಪ್ರನಾಳವೇ ಸಾಕು. ಕಡ್ಡಿ ಸವೆಯಿತೆಂದು ಸ್ಟೀಲ್ ಚಮಚವನ್ನು ಧನಾಗ್ರ ಮಾಡಬೇಡಿ, ಅದರ ಕ್ರೋಮಿಯಂ ವಿಷದ ರೂಪದಲ್ಲಿ ನೀರಿಗಿಳಿಯಬಹುದು. ಧನಾಗ್ರಕ್ಕೆ ಇನ್ನೊಂದು ಕಡ್ಡಿ ಉಜ್ಜಿ ಇಟ್ಟುಕೊಂಡಿರಿ.