ಮನಾಲಿಯಲ್ಲಿ ಹಿಮದ ಬದಲು ಮಳೆ: ಮುಂಬೈನಿಂದ ಹೊರಡುವವರಿಗೆ ಒಂದಿಷ್ಟು ಮಾತು

ಚಳಿಗಾಲದಲ್ಲಿ ಹಿಮ ನೋಡಲು ಮನಾಲಿಗೆ ಹೊರಟಿದ್ದೀರಾ? ಹಾಗಾದರೆ ಫೋನಿನ ಹವಾಮಾನ ಆಪ್ ಒಂದನ್ನೇ ನಂಬಬೇಡಿ. ನಾವು ಮುಂಬೈ ಬಿಡುವಾಗ ಅದು ಹಿಮ ಅಂತಲೇ ತೋರಿಸುತ್ತಿತ್ತು. ಮನಾಲಿಯಲ್ಲಿ ರಾತ್ರಿಯಿಡೀ ಸುರಿದದ್ದು ಬರೀ ಮಳೆ.

ನಮ್ಮ ಅತ್ತೆ ಉಡುಪಿಯವರು. ಮದುವೆಯಾಗಿ ಬಂದಾಗಿನಿಂದ ಮುಲುಂಡ್‌ನಲ್ಲೇ ಇದ್ದಾರೆ. ಒಮ್ಮೆ ಹಿಮ ಮುಟ್ಟಿ ನೋಡಬೇಕು ಅನ್ನುವುದು ಅವರ ಎಷ್ಟೋ ವರ್ಷಗಳ ಆಸೆ. ಬೆಳಿಗ್ಗೆ ಕಿಟಕಿಯ ಹತ್ತಿರ ಹೋಗಿ, "ಮಳೆಯೇ ಅಲ್ವಾ ಇದು?" ಅಂದರು. ಆಮೇಲೆ ಸುಮ್ನೆ ಕೂತುಬಿಟ್ಟರು. ನನಗೆ ತುಂಬಾ ಸಂಕಟವಾಯಿತು.

ಆದರೆ ಪೇಟೆಯಲ್ಲಿ ಮಳೆ ಬಂತು ಅಂತ ವಾಪಸ್ ಹೊರಡಬೇಡಿ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಅಲ್ಲಿಗೆ ಮಳೆ, ಹಿಮ ಎರಡನ್ನೂ ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ವಾಯುಭಾರ ಕುಸಿತಗಳು. ಮೋಡದಿಂದ ಹೊರಡುವಾಗ ಹಿಮವೇ ಆಗಿದ್ದರೂ, ಕೆಳಗಿನ ಗಾಳಿ ಸ್ವಲ್ಪ ಬೆಚ್ಚಗಿದ್ದರೆ ಕರಗಿ ನೀರಾಗುತ್ತದೆ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರು ಡಿಗ್ರಿ ಚಳಿ ಜಾಸ್ತಿ. ಅಂದರೆ ಕೆಳಗೆ ಮಳೆ ಹೊಡೆಯುವಾಗ ಮೇಲೆ ಹಿಮ ಬೀಳುತ್ತಿರುವ ಸಾಧ್ಯತೆ ಇದ್ದೇ ಇರುತ್ತದೆ.

ನಮಗೂ ಹಾಗೇ ಆಯಿತು. ಮಳೆ ನಿಂತ ಮೇಲೆ ಮನಾಲಿಗಿಂತ ಮೇಲಿರುವ ಸೋಲಂಗ್ ಕಣಿವೆ ಕಡೆ ಹೋದೆವು. ಅದು ಸುಮಾರು 2,500 ಮೀಟರ್. ರಸ್ತೆಯ ಪಕ್ಕದಲ್ಲೇ ಹೊಸ ಹಿಮ! ಅತ್ತೆ ಎರಡೂ ಕೈಯಲ್ಲಿ ಬಾಚಿಕೊಂಡರು, ಬೆರಳು ಮರಗಟ್ಟಿದರೂ ಬಿಡಲಿಲ್ಲ.

ಇನ್ನೂ ಮೇಲೆ ಹೋಗುವುದಾದರೆ 2020ರಲ್ಲಿ ಶುರುವಾದ ಅಟಲ್ ಸುರಂಗ ದಾಟಿ ಆಚೆಗಿರುವ ಸಿಸ್ಸು ಎಂಬ ಊರಿಗೆ ಹೋಗಿ. ಸುರಂಗವೇ ಒಂಬತ್ತು ಕಿಲೋಮೀಟರ್ ಉದ್ದ. ಆಚೆ ಬದಿ ಮೂರು ಸಾವಿರ ಮೀಟರಿಗಿಂತ ಎತ್ತರ. ಹೊಸ ಹಿಮ ಬಿದ್ದಾಗ ಪೊಲೀಸರು ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ) ಗಾಡಿಗಳನ್ನು ಮಾತ್ರ ಬಿಡುವುದುಂಟು, ಕೆಲವೊಮ್ಮೆ ದಾರಿಯನ್ನೇ ಮುಚ್ಚುತ್ತಾರೆ. ಹಿಂದಿನ ಸಂಜೆಯೇ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ವಿಚಾರಿಸಿ. ಜನವರಿ ಕೊನೆಯಿಂದ ಫೆಬ್ರವರಿವರೆಗೆ ಊರಿನ ಹಬ್ಬಗಳ ಕಾರಣ ಸಿಸ್ಸುವಿನಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುವುದೂ ಉಂಟು. ಇನ್ನೂ ಎತ್ತರದ ರೋಹ್ತಾಂಗ್ ಪಾಸ್ (ಬೆಟ್ಟದ ದಾರಿ) ನೋಡುವ ಆಸೆ ಬಿಡಿ, ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ.

ಮುನ್ಸೂಚನೆಗೆ ಶಿಮ್ಲಾ ಹವಾಮಾನ ಕೇಂದ್ರದ್ದನ್ನು ನೋಡಿ. ತಗ್ಗು, ಮಧ್ಯಮ ಮತ್ತು ಎತ್ತರದ ಬೆಟ್ಟಗಳಿಗೆ ಬೇರೆ ಬೇರೆ ಹೇಳುತ್ತಾರೆ. ಮನಾಲಿ ಅನ್ನುವ ಹೆಸರಿಗಿಂತ ಈ ಎತ್ತರದ ಲೆಕ್ಕವೇ ಮುಖ್ಯ.

ಟಿಕೆಟ್ ಮಾಡಿಸುವಾಗ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಹಿರಿಯರು ಜೊತೆಗಿದ್ದರೆ ಇದು ಬೇಕೇ ಬೇಕು. ಮನಾಲಿಗೆ ಹತ್ತಿರದ ಕುಲ್ಲು ನಿಲ್ದಾಣಕ್ಕೆ ಬರುವ ಸಣ್ಣ ವಿಮಾನಗಳು ಹವಾಮಾನ ಕೆಟ್ಟರೆ ರದ್ದಾಗುತ್ತವೆ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಸುಮಾರು 300 ಕಿಲೋಮೀಟರ್ ರಸ್ತೆ, ಇದೇ ವಾಸಿ. ದಾರಿಬದಿ ಬಾಡಿಗೆಗೆ ಸಿಗುವ ಕೋಟು ಚಳಿಗೆ ಸಾಕು, ಆದರೆ ಮಳೆಗೆ ನೆನೆದು ಭಾರವಾಗುತ್ತದೆ. ಮನೆಯಲ್ಲಿರುವ ರೇನ್‌ಕೋಟನ್ನೂ ಎರಡು ಜೊತೆ ಹೆಚ್ಚಿನ ಕಾಲುಚೀಲವನ್ನೂ ಮರೆಯದೆ ಬ್ಯಾಗಿಗೆ ಹಾಕಿಕೊಳ್ಳಿ.