ಹಿಂದಕ್ಕೆ ಎಳೆದವರು ಯಾರು?

ತಮ್ಮನ ಮಗ ನಾಪೋಕ್ಲು ಬಳಿಯ ತೋಟದ ಹಳೆಯ ಲೈನ್ ಮನೆಗಳಿಗೆ ಸುಣ್ಣ ಬಳಿಸಿ, ಹೆಂಚು ಬದಲಿಸಿ ಹೋಂಸ್ಟೇ ಮಾಡಿದ್ದಾನೆ. ಬೋರ್ಡು ಬರೆಸಿಕೊಂಡು ಬಂದು, "ಹೇಗಿದೆ ನೋಡಿ ದೊಡ್ಡಪ್ಪ" ಎಂದ. ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರಗಳಲ್ಲಿ ‘ಕಾಫಿ ರಿಟ್ರೀಟ್’. ಸೇನೆಯಲ್ಲಿ ಹವಾಲ್ದಾರನಾಗಿದ್ದ ನನಗೆ ನಗು ತಡೆಯಲಾಗಲಿಲ್ಲ. ಆ ಪದವನ್ನು ನಮಗೆ ಕಲಿಸಿದವರು ಬಿಸಿನೀರು, ಪಂದಿ ಕರಿಯ ಜೊತೆಗೆ ಕಲಿಸಿರಲಿಲ್ಲ.

"ಹಿಮ್ಮೆಟ್ಟುವುದು ಎಂದರ್ಥ ಮಾರಾಯ" ಎಂದೆ. ಅವನ ಮುಖ ಬಾಡಿತು. ಆಮೇಲೆ ನನಗೇ ಅನುಮಾನ ಬಂತು. ಸೂರ್ಯ ಮುಳುಗುವಾಗ ಬಾವುಟ ಇಳಿಸಲು ಊದುವ ಬ್ಯೂಗಲ್‌ಗೂ ಅದೇ ಹೆಸರು. ಕತ್ತಲಾಯಿತು, ಕಾಳಗ ನಿಲ್ಲಿಸಿ ಬಿಡಾರಕ್ಕೆ ಮರಳಿ ಎಂಬ ಹಳೆಯ ಕರೆ ಅದು. ಜನವರಿ 29ರಂದು ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್‌ನಲ್ಲಿ ಸೋಲಿನ ಮಾತೆಲ್ಲಿದೆ?

ಅಂದು ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು. ಟಾರ್ಚ್ ಹಿಡಿದು ನಿಘಂಟು ಬಿಚ್ಚಿದೆ. ರಿಟ್ರೀಟ್‌ನ ಬೇರು ಲ್ಯಾಟಿನ್‌ನ ‘ಟ್ರಾಹೆರೆ’, ಅಂದರೆ ಎಳೆ. ಮುಂದಿರುವ ‘ರೆ’ ಎಂದರೆ ಹಿಂದಕ್ಕೆ. ನಮ್ಮ ಕೊಟ್ಟಿಗೆಯ ಟ್ರ್ಯಾಕ್ಟರ್, ಮೆಣಸು ಕೊಯ್ಲಿಗೆ ಕೊಡುವ ಕಾಂಟ್ರ್ಯಾಕ್ಟ್ ಎರಡೂ ಅದೇ ಮನೆತನದವು! ರಿಟೈರ್ ಬೇರೆ ಕುಲದ್ದು, ಫ್ರೆಂಚ್‌ನ ‘ಟಿರೇ’ಯಿಂದ ಬಂದದ್ದು, ಆದರೆ ಅದಕ್ಕೂ ಎಳೆಯುವುದೆಂದೇ ಅರ್ಥ. ಮೊದಲು ಸೈನ್ಯ ಹಿಂದೆಗೆಯುವುದಕ್ಕೆ ಬಳಕೆಯಾಗಿ, ಆಮೇಲೆ ಉದ್ಯೋಗ ಬಿಡುವವರಿಗೆ ಅಂಟಿತಂತೆ. ನಾನು ಪಿಂಚಣಿ ವಿತ್‌ಡ್ರಾ ಮಾಡುವಾಗಲೂ ಎಳೆತವೇ. ಅಲ್ಲಿನ ‘ವಿತ್’ ಜೊತೆಯಲ್ಲ, ಆಚೆಗೆ ಎಂಬ ಹಳೆಯ ಅರ್ಥದ್ದು.

ಹಾಗಾದರೆ ಎಳೆಯುವವರು ಯಾರು? ನಿವೃತ್ತಿಯಲ್ಲಿ ಸಂಸ್ಕೃತದ ‘ವೃತ್’ ಇದೆ, ತಿರುಗುವುದು. ಕನ್ನಡದ ಹಿಮ್ಮೆಟ್ಟು ಇನ್ನೂ ನೇರ: ಹಿಂದಕ್ಕೆ ಮೆಟ್ಟು. ಕಾಲು ನಮ್ಮದೇ, ಮುಖ ಎದುರಾಳಿಯ ಕಡೆಗೇ ಇರಬಹುದು. ನನಗೆ ಇದೇ ಹಿಡಿಸಿತು. (ನಮ್ಮ ಕಾರ್ಯಪ್ಪನವರ ಕಥೆ ಇನ್ನೂ ಸೊಗಸು. 1953ರಲ್ಲಿ ನಿವೃತ್ತರಾದವರನ್ನು 1986ರಲ್ಲಿ ಫೀಲ್ಡ್ ಮಾರ್ಷಲ್ ಮಾಡಿದರು. ಆ ಪದವಿಗೆ ನಿವೃತ್ತಿಯೇ ಇಲ್ಲ!)

ಬೋರ್ಡು ಹಾಗೆಯೇ ಉಳಿಯಿತು. ಮೂರು ದಿನಕ್ಕೆಂದು ಬಂದ ಮೊದಲ ಅತಿಥಿಗಳು ಕಾಲಿಗೆ ಜಿಗಣೆ ಹತ್ತಿದ್ದು ಕಂಡು ಮರುದಿನ ಬೆಳಗ್ಗೆಯೇ ಗಂಟುಮೂಟೆ ಕಟ್ಟಿದರು. ಉಳಿದೆರಡು ದಿನದ ಹಣ ಮರಳಿಸಬೇಕೇ ಎಂದು ಹುಡುಗ ಕೇಳಿದ.

"ಬೋರ್ಡಿನಲ್ಲಿ ಬರೆದದ್ದನ್ನೇ ಮಾಡಿದ್ದಾರಲ್ಲ" ಎಂದೆ.